ರಾಣಿಯ ವಾಳೊ

ನಾನು ಸೊಸೆಯಾಗಿ ಹೋದ ಜೊಯಿಡಾ ಕಡೆಯ ಮನೆಯಲ್ಲಿ ಕೂಸು ಹುಟ್ಟಿತೆಂದರೆ ಮೊದಲು ಬೇರು ನೆನೆಹಾಕುತ್ತಿದ್ದರು. ನಮ್ಮ ತವರಿನಲ್ಲಿ ಲಾವಂಚ ಎನ್ನುವುದಕ್ಕೆ ಅವರ ಕೊಂಕಣಿಯಲ್ಲಿ ವಾಳೊ ಎಂದು ಹೆಸರು. ಕಚೋರದ ಗೆಡ್ಡೆಯ ಜೊತೆ ಅದನ್ನು ಕೊಬ್ಬರಿ ಎಣ್ಣೆಯಲ್ಲಿ ಸಣ್ಣ ಉರಿಯ ಮೇಲೆ ಕಾಯಿಸಿ ಕೂಸಿಗೆ ಹಚ್ಚುವುದು. ಇದೇ ಬೇರನ್ನು ಬಳೆಯಂತೆ ಹೊಸೆದು ತೊಟ್ಟಿಲಿಗೆ ಹಾಕುವ ದಿನ ಅದರ ಕಾಲಿಗೆ ತೊಡಿಸುವುದು. ಮಳೆ ಬಿದ್ದ ಮಣ್ಣಿನಂಥ ಆ ಪರಿಮಳ ವಾರಗಟ್ಟಲೆ ಮನೆ ಬಿಡುತ್ತಿರಲಿಲ್ಲ.

ಇದಕ್ಕೊಂದು ಹಳೆಯ ಕಥೆ. ಗಂಡ ಹೊರಹಾಕಿದ ರಾಣಿಯೊಬ್ಬಳು ಇದೇ ಕಾಡಿನಲ್ಲಿ ಹಡೆದಳಂತೆ. ತವರಿನಿಂದ ಯಾರೂ ಬರಲಿಲ್ಲ. ಕೂಸಿನ ಕಾಲು ಬರಿದಾಗಿರಬಾರದೆಂದು ಅವಳು ಹಳ್ಳದ ದಂಡೆಯ ಬೇರು ಕಿತ್ತು ಬಳೆ ಮಾಡಿ ಹಾಕಿದಳು. ಅಂದಿನಿಂದ ಆ ಬೇರಿಗೆ ಪರಿಮಳ ಬಂತು. ಅದಕ್ಕೇ ಬಾಣಂತಿಯ ತವರಿನವರು ಕೂಸಿನ ಕಾಲಿನ ಬಳೆಗೆ ತಮ್ಮೂರಿನ ಬೇರು ತರಬೇಕು, ರಾಣಿಯ ಗತಿ ಇವಳಿಗಿಲ್ಲ ಎಂದು ತೋರಿಸಬೇಕು. ತರದಿದ್ದರೆ ಊರ ಹೆಂಗಸರು ಆ ಸೊಸೆಯನ್ನು ದಿಕ್ಕಿಲ್ಲದವಳು ಎಂದೇ ಲೆಕ್ಕ ಹಾಕುತ್ತಿದ್ದರು. ನಮ್ಮ ಅತ್ತೆಯಂತೂ ಈ ಕಥೆಯಲ್ಲಿ ಒಂದಕ್ಷರ ಆಚೀಚೆಯಾಗಲು ಬಿಡುತ್ತಿರಲಿಲ್ಲ. ಮಾವ ಒಮ್ಮೆ ರಾಣಿಯನ್ನು ಹುಣಸೆ ಮರದ ಕೆಳಗೆ ಕೂರಿಸಿದ್ದಕ್ಕೆ, ಅದು ಹೊನ್ನೆ ಮರ ಎಂದು ಅನ್ನ ಬಡಿಸುವ ಕೈ ನಿಲ್ಲಿಸಿ ತಿದ್ದಿದ್ದರು.

ಸೀಮೆಎಣ್ಣೆಯೂ ಸಿಗದ ಯುದ್ಧದ ಕಾಲದಲ್ಲಿ ನನ್ನ ಚೊಚ್ಚಲು. ಹೊಳೆ ತುಂಬಿ ದಾರಿ ಕಟ್ಟಿದ್ದರಿಂದ ತವರಿಗೆ ಹೋಗಲಾಗದೆ ಅಲ್ಲೇ ಹಡೆದೆ. ನೀರು ಇಳಿದ ಮೇಲೆ ಅತ್ತೆ, ಮುಂಡಗೋಡಕ್ಕೆ ಹೊರಟ ಗಾಡಿಯವನೊಬ್ಬನ ಬಾಯಲ್ಲಿ ಅತ್ತಿವೇರಿ ಹತ್ತಿರದ ನನ್ನ ತವರಿಗೆ ಹೇಳಿಕಳಿಸಿದರು: ತೊಟ್ಟಿಲಿಗೆ ಬರುವಾಗ ಕೂಸಿನ ಕಾಲಿಗೆ ವಾಳೊ ತರಲಿ. ಬಾಣಂತಿ ಕೋಣೆಯಲ್ಲಿದ್ದ ನನ್ನ ಕಿವಿಗೆ ಇದು ಬೀಳಲೇ ಇಲ್ಲ. ನಮ್ಮ ಕಡೆಯ ಅಕ್ಕಸಾಲಿಗರ ಬಾಯಲ್ಲಿ ವಾಳೆ ಎಂದರೆ ಕೂಸಿನ ಕಾಲಿನ ಬೆಳ್ಳಿ ಬಳೆ!

ತೊಟ್ಟಿಲಿನ ದಿನ ಅವ್ವ ಬಂದಳು. ಅತ್ತೆ ಬಾಗಿಲಲ್ಲೇ, "ವಾಳೊ ಹಾಡ್ಲೊ?" ಎಂದರು, ವಾಳೊ ತಂದಿರಾ ಎಂದು. ಅವ್ವನಿಗೆ ಅರ್ಥವಾದದ್ದು ವಾಳೊ ಎಂಬ ಅದೊಂದೇ ಮಾತು.

"ತಂದೇನ್ರೀ ಬೀಗತಿ, ನೋಡ್ರಿ," ಎಂದು ಸೆರಗಿನ ಗಂಟು ಬಿಚ್ಚಿ ಪುಟ್ಟ ಬೆಳ್ಳಿ ಬಳೆಗಳನ್ನು ಹೊರತೆಗೆದಳು.

ನೆರೆದ ಹೆಂಗಸರು ಮುಖ ಮುಖ ನೋಡಿಕೊಂಡರು. ನಾನು ಅವ್ವನ ಕಾಲು ನೋಡಿದೆ. ಮದುವೆಯಾದಾಗಿನಿಂದ ತೆಗೆಯದ ಕಾಲ್ಗಡಗ ಇರಲಿಲ್ಲ. ಆ ಜಾಗದಲ್ಲಿ ಚರ್ಮ ಬೆಳ್ಳಗಿತ್ತು.

"ಕಡಗ ಎಲ್ಲಿ ಅವ್ವಾ?"

"ಮುರಿಸಿ ಇವನ್ನ ಮಾಡಿಸಿದೆ. ವಯಸ್ಸಾತು, ನಡೀವಾಗ ಭಾರ ಆಗ್ತಿದ್ವು. ಸುಮ್ನಿರ ನೀ."

ಸುಳ್ಳಿಗೂ ಒಂದು ಮಿತಿ ಬೇಡವೇ? ನನಗೆ ಸಿಟ್ಟೂ ಬಂತು, ಅಳುವೂ ಬಂತು. ವಾಳೊ ನಮ್ಮವರ ಕಿವಿಯಲ್ಲಿ ವಾಳೆಯಾದದ್ದು, ಅವ್ವ ಕಡಗ ಮುರಿಸಿದ್ದು, ಎಲ್ಲವನ್ನೂ ಅತ್ತೆಯ ಕಿವಿಯಲ್ಲಿ ಇದ್ದದ್ದು ಇದ್ದಂತೆ ಹೇಳಿದೆ. ಅಷ್ಟರಲ್ಲಿ ನೆರೆಮನೆಯವಳು, ಬೇರು ಎಲ್ಲಿ, ತವರಿನವರಿಗೆ ಅದೂ ಆಗಲಿಲ್ಲವೇ ಎಂದು ಕೊಂಕಣಿಯಲ್ಲಿ ರಾಗ ತೆಗೆದಳು.

ಅತ್ತೆ ತೊಟ್ಟಿಲ ಬಳಿಗೆ ಬಂದರು. ಬೆಳ್ಳಿ ಬಳೆಗಳನ್ನು ಕೂಸಿನ ಕಾಲಿಗೆ ತೊಡಿಸಿ, ತೊಟ್ಟಿಲ ಹಗ್ಗ ಹಿಡಿದು, ಪದ್ಧತಿಯಂತೆ ರಾಣಿಯ ಕಥೆ ಶುರುಮಾಡಿದರು. ರಾಣಿ ಕಾಡಿಗೆ ಬಂದಳು, ಹಡೆದಳು. ತವರಿನ ಮಾತು ಬಂದಾಗ ಅತ್ತೆ ಅವ್ವನ ಬರಿಗಾಲಿನತ್ತ ನೋಡಿದರು. ಆಮೇಲೆ ದನಿ ಎತ್ತರಿಸಿ ಹೇಳಿದರು: ತಾಯಿ ಬಂದಳು. ಕಾಡು ದಾಟಿ, ಬೆಳ್ಳಿಯ ವಾಳೆ ತಂದಳು. ಬಂದವಳು ಈ ಹಳ್ಳದಲ್ಲಿ ಕಾಲು ತೊಳೆದಳು, ಅದಕ್ಕೇ ದಂಡೆಯ ಬೇರಿಗೆ ಪರಿಮಳ ಬಂತು.

ಅತ್ತೆಯನ್ನು ತಿದ್ದುವ ಧೈರ್ಯ ಯಾರಿಗಿತ್ತು? ನೆರೆಮನೆಯವಳು ಕೂಡ ಹೂಂಗುಟ್ಟಿದಳು.

"ಏನ್ ಹೇಳಾಕತ್ತಾರ?" ಅವ್ವ ಕೇಳಿದಳು.

ನಾನು ಅತ್ತೆ ಹೇಳಿದ್ದನ್ನೇ, ಒಂದಕ್ಷರ ಬಿಡದೆ, ಕನ್ನಡದಲ್ಲಿ ಹೇಳಿದೆ.

"ಮತ್ತ? ಮಗಳು ಅಡವ್ಯಾಗ ಹಡದ್ರ ತಾಯಿ ಬರದ ಇರ್ತಾಳೇನ?" ಎಂದಳು ಅವ್ವ.