ಕಳಶಕ್ಕಿಂತ ಎತ್ತರ ಬೇಡ

ಖಾಕಿ ಬಟ್ಟೆ ಕಣ್ಣಿಗೆ ಬಿದ್ದರೆ ಸಾಕು, ಜಯರಾಮಪ್ಪನ ಎರಡೂ ಕೈಗಳು ತಾವಾಗಿಯೇ ಮುಗಿದುಕೊಳ್ಳುತ್ತಿದ್ದವು. ಆ ಬಟ್ಟೆಯೊಳಗೆ ಇರುವವನು ಪೊಲೀಸಿನವನೋ, ಅಂಚೆಯವನೋ, ಲೇಪಾಕ್ಷಿ ಬಸ್ಸಿನ ಕಂಡಕ್ಟರೋ ಎಂದು ನೋಡುವುದೆಲ್ಲ ಆಮೇಲಿನ ಮಾತು. ಒಮ್ಮೆ ಕಂಡಕ್ಟರು ಚಿಲ್ಲರೆ ಕೊಡಲು ಬಂದಾಗಲೂ ಇವನು ಎದ್ದು ನಿಂತು, “ನಂದೇನೂ ತಪ್ಪಿಲ್ಲ ಸೋಮಿ” ಅಂದುಬಿಟ್ಟ. ಇಡೀ ಬಸ್ಸು ನಕ್ಕಿತು. ನಗುವವರಿಗೇನು, ಹಲ್ಲು ಬಿಟ್ಟರಾಯಿತು. ಈ ಹೆದರಿಕೆ ಎಲ್ಲಿಂದ ಬಂತಪ್ಪಾ ಎಂದು ಕೇಳಿದವರು ಮಾತ್ರ ಒಬ್ಬರೂ ಇಲ್ಲ.

ಅದು ಬಂದದ್ದು ಕಲ್ಯಾಣದುರ್ಗದಿಂದ. ಅಲ್ಲಿ ಇವನು ಇನ್ನೂ ಚಡ್ಡಿ ಹಾಕುವ ಹುಡುಗನಾಗಿದ್ದಾಗ ರಸ್ತೆ ಅಗಲ ಮಾಡಲು ಸರ್ಕಾರದವರು ಬಂದರು. ಇವನ ಅಪ್ಪ ಮಗ್ಗದ ಗುಂಡಿಯಿಂದ ಎದ್ದು ಬಂದು, “ಇದು ನನ್ನ ಜಾಗ” ಅಂದ. ಬಂದವರು ಕಾಗದ ಕೇಳಿದರು. ತಾತನ ಕಾಲದಿಂದ ಮಗ್ಗ ಹೂಡಿಕೊಂಡು ಬಂದ ನೆಲಕ್ಕೆ ಕಾಗದ ಎಲ್ಲಿಂದ ತರುವುದು? ಅಪ್ಪ ಸೆಟೆದು ನಿಂತ. ಕೆನ್ನೆಗೆ ಒಂದು ಏಟು ಬಿತ್ತು, ಬೀದಿ ಕಡೆಯ ಗೋಡೆಯೂ ಬಿತ್ತು. ರಸ್ತೆಗೆ ಬೇಕಾಗಿದ್ದದ್ದು ಒಂದೆರಡು ಮೊಳ. ಎದುರು ಮಾತಾಡಿದ ತಪ್ಪಿಗೆ ಮಗ್ಗದ ಕೋಣೆಯೇ ಹೋಯಿತು. ಇದ್ದಬದ್ದದ್ದನ್ನು ಗಾಡಿಗೆ ಹೇರಿಕೊಂಡು ಹಿಂದೂಪುರಕ್ಕೆ ಬರುವ ದಾರಿಯುದ್ದಕ್ಕೂ ಅಪ್ಪ ಒಂದೇ ಮಾತು ಹೇಳಿದ: “ಆಪೀಸಿನೋರ ಮುಂದೆ ನಂದು ಅನ್ನಬ್ಯಾಡ ಕಣ್ಲಾ. ನಂದು ಅಂದ್ರೆ ಕಿತ್ಕೊಂಡೋಯ್ತಾರೆ.” ಬೇರೆ ಮಕ್ಕಳು ಅಪ್ಪನಿಂದ ಮಗ್ಗಿ ಕಲಿತರೆ ಜಯರಾಮಪ್ಪ ಕಲಿತದ್ದು ಇದನ್ನು.

ಹಿಂದೂಪುರದಲ್ಲಿ ಅವರು ನೆಲೆ ನಿಂತದ್ದು ಪೆನ್ನೆ ಹೊಳೆಯ ದಡದ ನೇಯ್ಗೆಯವರ ಬೀದಿಯಲ್ಲಿ. ದಡಕ್ಕೆ ಊರಿನವರು ತೆಲುಗಿನಲ್ಲಿ ಏಟಿಗಟ್ಟು ಅನ್ನುತ್ತಿದ್ದರು. ಹೊಳೆಯಲ್ಲಿ ನೀರೆಷ್ಟು ಎಂದು ಮಾತ್ರ ಕೇಳಬೇಡಿ. ವರ್ಷದ ಮುಕ್ಕಾಲು ಪಾಲು ಅಲ್ಲಿ ಇರುತ್ತಿದ್ದದ್ದು ಮರಳೇ. ಹೊಳೆ ಪೂರ್ವಕ್ಕೆ, ಬೀದಿ ಪಶ್ಚಿಮಕ್ಕೆ, ನಡುವೆ ಉದ್ದನೆಯ ಒಂದು ಬಯಲು. ಬೆಳಗಿನ ಮೊದಲ ಬಿಸಿಲು ಹೊಳೆ ದಾಟಿ ನೇರವಾಗಿ ಆ ಬಯಲಿಗೇ ಬೀಳುತ್ತಿತ್ತು.

ಬೀದಿಯ ಅನ್ನ ಇದ್ದದ್ದು ಆ ಬಿಸಿಲಿನಲ್ಲಿ. ಮಗ್ಗಕ್ಕೆ ಏರಿಸುವ ಉದ್ದೆಳೆಗಳಿಗೆ ಹಾಸು ಎನ್ನುತ್ತಾರೆ. ಅದನ್ನು ಬಯಲಿನ ಈ ತುದಿಯಿಂದ ಆ ತುದಿಗೆ ಕವೆಗೋಲುಗಳ ಮೇಲೆ ಎಳೆದು ಕಟ್ಟಿ, ಗಂಜಿ ಚಿಮುಕಿಸಿ, ಬೇರಿನ ಕುಂಚದಿಂದ ತಿಕ್ಕುತ್ತಾ ಹೋಗಬೇಕು. ಗಾಳಿ ಏಳುವುದರೊಳಗೆ ಎಳಬಿಸಿಲಿಗೆ ಗಂಜಿ ಒಣಗಬೇಕು. ತಡವಾದರೆ ಎಳೆಗೆ ಎಳೆ ಅಂಟಿಕೊಂಡು ಮಗ್ಗದಲ್ಲಿ ಪಟಪಟನೆ ಹರಿಯುತ್ತದೆ. ಒಬ್ಬರ ಕೈಲಾಗುವ ಕೆಲಸವಲ್ಲ ಇದು. ಇವತ್ತು ನಿನ್ನ ಹಾಸು ಹಿಡಿಯಲು ನಾನು, ನಾಳೆ ನನ್ನದನ್ನು ಹಿಡಿಯಲು ನೀನು. ಕುಂಚ ಹಿಡಿದವರೆಲ್ಲ ಒಂದೇ ಹೆಜ್ಜೆ ಹಾಕಲೆಂದು ಒಬ್ಬ ಮುಂದೆ ನಡೆಯುತ್ತಾ ಪದ ಹೇಳಬೇಕು. ಆ ಕೆಲಸ ಜಯರಾಮಪ್ಪನದು. ಎದೆ ಗುಬ್ಬಚ್ಚಿಯದಾದರೂ ಅವನ ಕಂಠ ಗೂಳಿಯದು. ಅವನು ಪದ ಎತ್ತಿದರೆ ಹೊಳೆಯಾಚೆಯ ಕುರಿಗಳು ತಲೆ ಎತ್ತುತ್ತಿದ್ದವು.

ಬೀದಿಯ ತಲೆಯಲ್ಲಿ ಚೌಡೇಶ್ವರಮ್ಮನ ಗುಡಿ. ಗುಡಿಯ ಕಳಶಕ್ಕಿಂತ ಎತ್ತರಕ್ಕೆ ಬೀದಿಯಲ್ಲಿ ಯಾರೂ ಮನೆ ಎತ್ತುವಂತಿಲ್ಲ, ಹಿಂದಿನಿಂದ ಬಂದ ಕಟ್ಟು ಅದು. ಸೀರೆ ವ್ಯಾಪಾರದ ಶ್ರೀರಾಮುಲು ನಾಲ್ಕು ಕಾಸು ಮಾಡಿದ ಮೇಲೆ ಮಹಡಿಯ ಮೇಲೊಂದು ಕೋಣೆ ಕಟ್ಟಿಸಿದ. ಅಮ್ಮನ ಕಳಶಕ್ಕೆ ಹೆದರಿ ಸೂರನ್ನು ತಗ್ಗಿಸಿ ತಗ್ಗಿಸಿ, ಕೊನೆಗೆ ಅದರೊಳಗೆ ಅವನ ಹೆಂಡತಿ ಬಗ್ಗಿಕೊಂಡೇ ಓಡಾಡುವಂತಾಯಿತು. ಕಟ್ಟು ಮಾತ್ರ ಮುರಿಯಲಿಲ್ಲ.

ಎಂಬತ್ತಾರನೇ ಇಸವಿಯ ಸುಮಾರಿಗೆ ಏಟಿಗಟ್ಟಿನ ಮೇಲೆ ಒಂದು ದೊಡ್ಡ ಬೋರ್ಡು ಎದ್ದಿತು. ಹೊಳೆದಡವನ್ನು ಉದ್ಧಾರ ಮಾಡಲು ಒಂದು ಸಮಿತಿಯಾಗಿತ್ತಂತೆ. ದಡದ ಅಂಚಿಗೇ ನಾಲ್ಕು ಅಂತಸ್ತಿನ ಅಂಗಡಿ ಕಟ್ಟಡ, ಮೇಲೆ ಲಾಡ್ಜು, ಮಗ್ಗುಲಿಗೆ ಪಾರ್ಕು. ಬೋರ್ಡಿನ ಚಿತ್ರದಲ್ಲಿ ಪೆನ್ನೆ ನೀಲಿಯಾಗಿ ತುಂಬಿ ಹರಿಯುತ್ತಿದ್ದಳು. ಬರೆದ ಪುಣ್ಯಾತ್ಮ ಈ ಕಡೆ ಕಾಲಿಟ್ಟವನಲ್ಲ ಎಂದು ಅಷ್ಟರಲ್ಲೇ ಗೊತ್ತಾಗುತ್ತಿತ್ತು.

ಜಯರಾಮಪ್ಪ ನೀರು ನೋಡಲಿಲ್ಲ, ಕಟ್ಟಡ ನೋಡಿದ. ಬೆಳಗಿನ ಸೂರ್ಯ ಅದರ ಬೆನ್ನ ಹಿಂದೆ ಇರುತ್ತಾನೆ. ನಾಲ್ಕು ಅಂತಸ್ತಿನ ನೆರಳು ಬಯಲಿನ ಮೇಲೆ ಎಷ್ಟು ಹೊತ್ತು ಮಲಗಿರುತ್ತದೋ! ಅಂದಿನಿಂದ ಪದ ಹೇಳುವಾಗಲೂ ಅವನ ಕಣ್ಣು ಗಟ್ಟಿನ ಕಡೆಗೇ ಹೋಗುತ್ತಿತ್ತು. ಇನ್ನೂ ಏಳದ ಕಟ್ಟಡದ ನೆರಳು ಆಗಲೇ ಎಳೆಗಳ ಮೇಲೆ ಬಿದ್ದಂತೆ ಅನಿಸಿ ಹೆಜ್ಜೆ ತಪ್ಪುತ್ತಿತ್ತು.

ಬೀದಿಯವರು ಗುಡಿಯ ಮುಂದೆ ಸೇರಿದರು. ಹಿರಿಯ ಪೆದ್ದಪ್ಪ ಮಾತು ಎತ್ತಿದ: “ನೆಳ್ಳು ಬಿದ್ರೆ ಗಂಜಿ ಒಣಗಾಕಿಲ್ಲ. ಆಮ್ಯಾಕೆ ನಮಗೆ ಕುಡಿಯಾಕೂ ಗಂಜಿ ಇರಾಕಿಲ್ಲ. ಮೀಟಿಂಗ್ ಮಡಗವ್ರಂತೆ. ಇದು ನಾವು ಹಾಸು ಹಿಡಿಯೋ ಜಾಗ, ಕಟ್ಟಡ ಬ್ಯಾರೆ ಕಡೀಕೆ ಸರಿಸಿ ಅಂತ ಹೇಳಾನ. ಜಯರಾಮಪ್ಪ ಹೇಳ್ಲಿ. ಅವನ ದನಿ ಹೈದರಾಬಾದಿಗೆ ಕೇಳ್ತದೆ.”

ಎಲ್ಲರೂ ಹೌದೆಂದರು. ಹೆದರುವವನ ಮೇಲೆ ಹಾವು ಎಸೆಯುವುದೆಂದರೆ ಇದೇ. ಆವತ್ತು ರಾತ್ರಿ ಜಯರಾಮಪ್ಪ ತಟ್ಟೆಯ ಅನ್ನವನ್ನು ಕಲಸುತ್ತಲೇ ಕೂತಿದ್ದ.

“ಎಲ್ಡು ಮಾತು ಹೇಳಿ ಬಂದ್ಬುಡಿ, ಅದ್ರಾಗೇನೈತೆ?” ಅಂದಳು ಹೆಂಡತಿ ಬನಶಂಕರಮ್ಮ.

“ಕಾಗ್ದ ಕೇಳಿದ್ರೆ?”

“ಇಲ್ಲ ಅನ್ನಿ. ಇಲ್ದಿದ್ದನ್ನ ಇಲ್ಲ ಅನ್ನಾಕೂ ಎದ್ರಿಕೇನಾ?”

ಅವಳಿಗೆ ಕಲ್ಯಾಣದುರ್ಗ ಗೊತ್ತಿರಲಿಲ್ಲ. ಗೊತ್ತಿದ್ದರೂ ಅವಳು ಅದೇ ಮಾತು ಹೇಳುವ ಹೆಂಗಸು.

ಮೀಟಿಂಗಿಗೆ ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಮೇಜಿನ ಹಿಂದೆ ಸಮಿತಿಯ ಆಫೀಸರು, ಮೆದು ದನಿಯ ತೆಲುಗಿನ ಮನುಷ್ಯ. ಅವರ ಪಕ್ಕದಲ್ಲಿ ಪೆನ್ನು ಹಿಡಿದ ಗುಮಾಸ್ತ, ಹಿಂದೆ ಖಾಕಿ ತೊಟ್ಟ ಜವಾನ. ಜಯರಾಮಪ್ಪ ಕಂಡದ್ದು ಜವಾನನನ್ನು ಮಾತ್ರ. ಮೊದಲು ಎತ್ತರದ ವಾದ ನಡೆಯಿತು. ಬಟ್ಟೆ ಅಂಗಡಿಯವರು ನಾಲ್ಕು ಸಾಲದು, ಐದು ಅಂತಸ್ತು ಬೇಕೆಂದರು. ಬೆಂಗಳೂರಿನವರು ನೋಡಿ ಬಾಯಿ ಬಿಡಬೇಕಂತೆ. ಒಬ್ಬ ಡಾಕ್ಟರು ಎತ್ತರವಾದರೆ ಊರಿಗೆ ಗಾಳಿ ನಿಲ್ಲುತ್ತದೆ ಎಂದರು. ಮತ್ತೊಬ್ಬರು ಇದ್ದಕ್ಕಿದ್ದಂತೆ ಗಡಿಯಾರದ ಗೋಪುರ ಕೇಳಿದರು. ಹೀಗೇ ಹೊತ್ತು ಹೋಗುತ್ತಿದ್ದಾಗ ಗಟ್ಟಿನ ಹುಣಸೆಮರದಡಿ ಬುಟ್ಟಿ ಹೆಣೆದು ಮಾರುವ ದಾಸಣ್ಣ ಎದ್ದು ನಿಂತ.

“ಸೋಮಿ, ಆ ಮರದ ಬುಡ ನನ್ನ ಜಾಗ. ಅಲ್ಲೇ ನನ್ನ ಹೊಟ್ಟೆಪಾಡು.”

“ಕಾಗಿತಂ ಉಂದಾ?” ಎಂದು ಆಫೀಸರು ಕೇಳಿದರು. ಕಾಗದ ಇದೆಯಾ?

ದಾಸಣ್ಣ ತಲೆ ಕೆರೆದುಕೊಂಡ. ಗುಮಾಸ್ತನ ಪೆನ್ನು ಏನೋ ಬರೆಯಿತು. ಜಯರಾಮಪ್ಪನ ಪಕ್ಕದಲ್ಲಿದ್ದವನು, “ಆಯ್ತು ಇವನ ಕತೆ. ಸರ್ಕಾರಿ ಜಾಗ ಒತ್ತರಿಸವ್ನೆ ಅಂತ ಬರ್ಕಂಡ್ರು” ಎಂದು ಪಿಸುಗುಟ್ಟಿದ.

ಅದೇ ಮಾತು! ಅಪ್ಪನನ್ನು ಕೇಳಿದ ಅದೇ ಮಾತು. ಆವತ್ತು ಕೆನ್ನೆಗೆ ಏಟು ಬಿದ್ದ ಸದ್ದು ಜಯರಾಮಪ್ಪನ ಕಿವಿಯಲ್ಲಿ ಮತ್ತೆ ಕೇಳಿತು. ಬಯಲಷ್ಟೇ ಅಲ್ಲ, ಮನೆಯನ್ನೂ ಅಳೆದುಬಿಟ್ಟರೆ? ಬೀದಿಗೆ ಬೀದಿಯನ್ನೇ ಕಿತ್ತರೆ? ಅಷ್ಟರಲ್ಲಿ ಯಾರೋ ಅವನ ಹೆಸರು ಕೂಗಿದರು. ಕಾಲು ಹೇಗೆ ಮೈಕಿನವರೆಗೆ ನಡೆಯಿತೋ ಅವನಿಗೇ ತಿಳಿಯದು.

“ಸೋಮಿ… ಈ ಜಾಗ…” ಅಂದ. ಗುಮಾಸ್ತನ ಪೆನ್ನು ಮೇಲೆದ್ದಿತು.

ಆ ಪೆನ್ನನ್ನು ನೋಡಿದ್ದೇ ತಡ, ಅವನ ನಾಲಿಗೆ ಅಡ್ಡದಾರಿ ಹಿಡಿಯಿತು. “ಈ ಜಾಗ್ದಾಗೆ ಅಮ್ಮನೋರವ್ರೆ. ಚೌಡೇಶ್ವರಮ್ಮನ ಕಳಶಕ್ಕಿಂತ ಎತ್ತರ ಏನೂ ಏಳಬಾರ್ದು. ಎದ್ರೆ ಊರಿಗೇ ಕೇಡು!”

ಗೂಳಿಯ ಕಂಠ ಶಾಮಿಯಾನದ ತುಂಬ ಮೊಳಗಿತು. ಆಮೇಲೆ ಹಿಂದಿನಿಂದ “ಚೌಡೇಶ್ವರಮ್ಮನಿಗೆ ಜೈ” ಎಂದು ಒಬ್ಬ ಕೂಗಿದ, ಇನ್ನೂರು ಬಾಯಿ ಸೇರಿಕೊಂಡವು. ಐದು ಅಂತಸ್ತು ಬೇಕೆಂದ ಬಟ್ಟೆ ಅಂಗಡಿಯವರೂ ಕೈ ಮುಗಿದರು. ಆಫೀಸರು ಮಾತ್ರ ಜಯರಾಮಪ್ಪನನ್ನೇ ನೋಡುತ್ತಾ, “ಇಂತೇನಾ? ಇಂಕೇಮೈನಾ ಉಂದಾ?” ಎಂದರು. ಇಷ್ಟೇನಾ, ಇನ್ನೇನಾದರೂ ಇದೆಯಾ ಎಂದು ಎರಡು ಸಲ ಕೇಳಿದರು.

“ಇಷ್ಟೇ ಸೋಮಿ” ಅಂದ ಜಯರಾಮಪ್ಪ.

ಮಳೆಗಾಲ ಮುಗಿಯುವಷ್ಟರಲ್ಲಿ ಸುದ್ದಿ ಬಂತು: ಜನರ ಭಕ್ತಿಗೆ ಬೆಲೆ ಕೊಟ್ಟು ಕಟ್ಟಡವನ್ನು ಎರಡೇ ಅಂತಸ್ತಿಗೆ ಇಳಿಸಿದ್ದಾರೆ. ಬೀದಿಯಲ್ಲಿ ಹಬ್ಬವೋ ಹಬ್ಬ. ಅಮ್ಮನಿಗೆ ನೂರೊಂದು ಕಾಯಿ ಒಡೆದರು. ಎರಡು ಅಂತಸ್ತಿನ ನೆರಳು ಗಟ್ಟಿನ ಬುಡ ಬಿಟ್ಟು ಬಹಳ ಮುಂದಕ್ಕೆ ಬರದು. “ಜಾಗ ಗೀಗ ಅಂತ ಓಗಿದ್ರೆ ದಾಸಣ್ಣನ ಗತೀನೇ ನಮಗೂ ಆಯ್ತಿತ್ತು. ಬುದ್ವಂತ ಕಣಪ್ಪ ನೀನು” ಎಂದು ಪೆದ್ದಪ್ಪ ಅವನ ತಲೆಗೆ ರುಮಾಲು ಸುತ್ತಿದ. ಹುಟ್ಟಿದಾಗಿನಿಂದ ಯಾರೂ ಜಯರಾಮಪ್ಪನನ್ನು ಬುದ್ಧಿವಂತ ಅಂದಿರಲಿಲ್ಲ. ಅವನೂ ನಂಬಿದ. ಹೆದರಿಕೆಯೇ ಒಂದು ಬುದ್ಧಿ ಇರಬಹುದು ಅಂದುಕೊಂಡ.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಗ್ಗೆ ಹಾಸು ಹೊತ್ತುಕೊಂಡು ಬಯಲಿಗೆ ಹೋದವರು ಹಾಗೇ ನಿಂತರು. ನೆಲದ ತುಂಬ ಸುಣ್ಣದ ಗೆರೆ. ಗಟ್ಟಿನ ಅಂಚಿನಿಂದ ಹೊರಟ ಗೆರೆ ಇಡೀ ಬಯಲನ್ನು ಬಳಸಿ, ಬೀದಿಯ ಚರಂಡಿಯವರೆಗೆ ಬಂದಿತ್ತು.

ಜಯರಾಮಪ್ಪ ಯಾರಿಗೂ ಹೇಳದೆ ಸಮಿತಿಯ ಆಫೀಸಿಗೆ ಹೋದ. ತಾನಾಗಿ ಒಂದು ಆಫೀಸಿನ ಮೆಟ್ಟಿಲು ಹತ್ತಿದ್ದು ಅವನ ಜನ್ಮದಲ್ಲಿ ಅದೇ ಮೊದಲು. ಆಫೀಸರು ಗದರಲಿಲ್ಲ, ಕುರ್ಚಿ ತೋರಿಸಿದರು; ಇವನು ಕೂರಲಿಲ್ಲ. ಅಂಗಡಿಗಳು ಮೊದಲು ಲೆಕ್ಕ ಹಾಕಿದಷ್ಟೇ ಬೇಕಲ್ಲ, ಮೇಲಕ್ಕೆ ಹೋಗಬೇಡಿ ಅಂದಿರಿ, ಅಡ್ಡಕ್ಕೆ ಹರಡಿದೆವು ಎಂದು ಅವರು ಬಿಡಿಸಿ ಹೇಳಿದರು.

“ಅದು… ಅದು ನಮ್ಮ ಜಾಗ ಸೋಮಿ. ನಾವು ಹಾಸು ಹಿಡಿಯೋ ಜಾಗ.” ಕೊನೆಗೂ ಆ ಮಾತು ಅವನ ಬಾಯಿಂದ ಬಂತು. “ಕಾಗ್ದ ಇಲ್ಲ” ಎಂದೂ ಸೇರಿಸಿದ.

ಆಫೀಸರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ತಮ್ಮ ತೆಲುಗಿನಲ್ಲೇ ಮೆಲ್ಲಗೆ ಹೇಳಿದರು: “ಅಲ್ಲಯ್ಯಾ, ಆವತ್ತೇ ಹೇಳಬಾರದಿತ್ತೇ? ಇನ್ನೇನಾದರೂ ಇದೆಯಾ ಅಂತ ಎರಡು ಸಲ ಕೇಳಿದೆ. ಬಯಲಿನ ಉತ್ತರ ದಿಕ್ಕಿಗೆ ಅಷ್ಟು ದೊಡ್ಡ ಜಾಲಿ ಮೆಳೆ ಖಾಲಿ ಬಿದ್ದಿತ್ತು. ನಾಲ್ಕು ಅಂತಸ್ತನ್ನು ಅಲ್ಲಿಗೇ ಎತ್ತಿಡುತ್ತಿದ್ದೆ. ಕಾಗದ ಇಲ್ಲದಿದ್ದರೇನು? ಆ ಬುಟ್ಟಿಯವನಿಗೂ ಇರಲಿಲ್ಲ. ಆವತ್ತೇ ಬರೆದುಕೊಂಡೆವು, ಅವನಿಗೆ ಪಾರ್ಕಿನ ಬಾಗಿಲಲ್ಲಿ ಜಾಗ ಕೊಟ್ಟಿದ್ದೇವೆ. ಈಗ ಹೈದರಾಬಾದಿನಲ್ಲಿ ಸಹಿ ಆಗಿದೆ, ಕಂಟ್ರಾಕ್ಟೂ ಆಗಿದೆ. ನನ್ನ ಕೈಯಲ್ಲಿ ಏನೂ ಇಲ್ಲ.”

ಜಯರಾಮಪ್ಪ ಕೈ ಮುಗಿದು ಹೊರಗೆ ಬಂದ. ಅಪ್ಪನ ಮಾತು ಅಪ್ಪನ ಕಾಲಕ್ಕೆ ಸರಿಯಾಗಿದ್ದಿರಬಹುದು. ಅದನ್ನು ಹಿಡಿದುಕೊಂಡು ಇವನು ಒಂದು ಇಡೀ ಬೀದಿಯ ಬಿಸಿಲನ್ನು ಕೊಟ್ಟು ಬಂದಿದ್ದ.

ನಡೆದದ್ದನ್ನು ಬನಶಂಕರಮ್ಮನಿಗೆ ಮಾತ್ರ ಹೇಳಿದ. ಅವಳು, “ಬೀದಿಯೋರಿಗೆ ಹೇಳ್ಬುಡಿ” ಅಂದಳು. “ಹೇಳ್ತೀನಿ” ಅಂದ. ಹೇಳಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ ಅನ್ನಿ. ಬೀದಿಯವರೇ ಅವನಿಗೆ ಸಮಾಧಾನ ಹೇಳಿದರು. ಸರ್ಕಾರಿ ಜಾಗ, ಹೆಂಗಿದ್ರೂ ಹೋಗ್ತಿತ್ತು, ನಿನ್ನಿಂದ ಅಮ್ಮನ ಮಾನವಾದರೂ ಉಳೀತು ಅಂದರು. ಅವರು ಹಾಗೆ ಅಂದಾಗಲೆಲ್ಲ ಇವನು ಏನೋ ನೆವ ಹೇಳಿ ಎದ್ದು ಹೋಗುತ್ತಿದ್ದ. ದಾಸಣ್ಣ ಎದುರಿಗೆ ಬಂದರೆ ಪಕ್ಕದ ಸಂದಿಗೆ ನುಗ್ಗುತ್ತಿದ್ದ. ಎಲ್ಲಿ ಆಫೀಸರು ಯಾರ ಬಳಿಯಾದರೂ ಬಾಯಿ ಬಿಟ್ಟಾರೋ ಎಂದು, ಬಾಗಿಲಲ್ಲಿ ನಾಲ್ಕು ಜನ ನಿಂತು ಮಾತಾಡಿದರೂ ಕಿವಿ ನಿಮಿರಿಸುತ್ತಿದ್ದ. ಖಾಕಿಯ ಹೆದರಿಕೆ ಎಲ್ಲಿ ಹೋಯಿತೋ. ಈಗ ಅವನು ಹೆದರುತ್ತಿದ್ದದ್ದು ತನ್ನವರಿಗೆ.

ಕಟ್ಟಡ ಏಳಲು ಎರಡು ವರ್ಷ ಹಿಡಿಯಿತು. ಅಷ್ಟರಲ್ಲಿ ಕೆಲವರು ಗಂಜಿ ಹಾಕಿದ ನೂಲನ್ನೇ ಹೆಚ್ಚು ಬೆಲೆಗೆ ತಂದು ನೇಯ್ದರು, ಕೆಲವರು ಮಗ್ಗ ಇಳಿಸಿ ದೊಡ್ಡಬಳ್ಳಾಪುರದ ಪವರ್‌ಲೂಮಿಗೆ ಕೂಲಿ ಹೋದರು. ಪೆದ್ದಪ್ಪನ ಮಗ್ಗದ ಗುಂಡಿಯನ್ನು ಮಣ್ಣು ತುಂಬಿ ಮುಚ್ಚಿದರು. ಪದ ಹೇಳುವ ಕೆಲಸ ಯಾರಿಗೂ ಬೇಕಾಗಲಿಲ್ಲ.

ಕಟ್ಟಡ ತೆರೆಯುವ ದಿನ ಬೀದಿಯವರನ್ನೆಲ್ಲ ಮುಂದಿನ ಸಾಲಿನಲ್ಲಿ ಕೂರಿಸಿದರು. ವೇದಿಕೆಯ ಮೇಲೆ ಜಯರಾಮಪ್ಪನಿಗೆ ಶಾಲು ಹೊದಿಸಿ, ಊರಿನ ಭಕ್ತಿಯನ್ನು ಕಾಪಾಡಿದ ಮನುಷ್ಯ ಎಂದು ಹೊಗಳಿ, ಎರಡು ಮಾತಾಡಿ ಎಂದು ಮೈಕು ಕೈಗೆ ಕೊಟ್ಟರು. ಎದುರಿಗೆ ಪೆದ್ದಪ್ಪ ಕತ್ತು ಚಾಚಿ ಕೂತಿದ್ದ. ಪಕ್ಕದಲ್ಲಿ ಬನಶಂಕರಮ್ಮ ಗಂಡನ ಮುಖವನ್ನೇ ನೋಡುತ್ತಿದ್ದಳು. ಈಗ ಹೇಳಿಬಿಡುತ್ತಾನೆ ಎಂದು ಅವಳಿಗೆ ಅನಿಸಿರಬೇಕು. ಜಯರಾಮಪ್ಪನಿಗೂ ಅನಿಸಿತ್ತು. ಅವನು ಬಾಯಿ ತೆರೆದ.

“ಎಲ್ಲಾ ಅಮ್ಮನ ದಯೆ” ಅಂದ.

ಚಪ್ಪಾಳೆ ಬಿದ್ದಿತು. ಪೆದ್ದಪ್ಪ ಎಲ್ಲರಿಗಿಂತ ಜೋರಾಗಿ ತಟ್ಟಿದ. ಬನಶಂಕರಮ್ಮ ಮಾತ್ರ ಚಪ್ಪಾಳೆ ಮುಗಿಯುವ ಮೊದಲೇ ಎದ್ದು, ಸೆರಗು ಹೊದ್ದುಕೊಂಡು, ಒಬ್ಬಳೇ ಮನೆಯ ಕಡೆ ನಡೆದಳು.