ಕೌದಿಯ ಮೇಲೆ ಬಿದ್ದ ಹುಣಸೆಬೀಜ

ಕಣ್ಣಿಗೆ ಬಿಡುವ ಹನಿಮದ್ದು ಹುಡುಕುತ್ತ ಬೀರುವಿನ ಕೆಳಗಿನ ಖಾನೆಗೆ ಕೈ ಹಾಕಿದಾಗ ನಾನೇ ಎಂದೋ ತಂದಿಟ್ಟು ಮರೆತಿದ್ದ ಒಂದು ಹಳೆಯ ತಗಡಿನ ಡಬ್ಬಿ ಸಿಕ್ಕಿತು. ಅಲುಗಿಸಿದರೆ ಗಲಗಲ ಎಂದಿತು. ಮುಚ್ಚಳ ತೆಗೆಯದೆಯೇ ಗೊತ್ತಾಯಿತು, ಹುಣಸೆಬೀಜ. ಒಂದು ಮಗ್ಗುಲು ಕಂದು, ಇನ್ನೊಂದು ಮಗ್ಗುಲು ಕಲ್ಲಿಗೆ ತಿಕ್ಕಿ ತಿಕ್ಕಿ ಬೆಳ್ಳಗಾದದ್ದು. ಐವತ್ತು ವರ್ಷ ದಾಟಿದ ಬೀಜಗಳು. ಹುಳ ಕೂಡ ಇವನ್ನು ಮುಟ್ಟಿಲ್ಲ ನೋಡಿ.

ನನ್ನ ಈಗಿನ ಸ್ಥಿತಿಯನ್ನು ಮೊದಲು ಹೇಳಿಬಿಡುತ್ತೇನೆ. ಕಣ್ಣಿನ ಪೊರೆಯ ಆಪರೇಷನ್ ಆಗಿ ನಾಲ್ಕು ದಿನ. ಚಂದ್ರಾ ಲೇಔಟಿನಲ್ಲಿರುವ ಮಗಳ ಮನೆಯಲ್ಲಿದ್ದೇನೆ. ಅವಳು ಊಟವಾದ ಮೇಲೆ ತನ್ನ ಹೊಲಿಗೆ ಅಂಗಡಿಗೆ ಹೋಗಿ ನಾಲ್ಕಕ್ಕೆ ಬರುತ್ತಾಳೆ. ಹೊರಡುವಾಗ ತನ್ನ ಇಬ್ಬರು ಮಕ್ಕಳನ್ನು, ಎಂಟರ ನಿಧಿಯನ್ನೂ ಆರರ ಚಿರುವನ್ನೂ ಸೋಫಾದ ಎರಡು ತುದಿಗೆ ಕೂರಿಸುತ್ತಾಳೆ. "ಅಜ್ಜಿ ರೆಸ್ಟ್ ತಗೋಬೇಕು. ಒಂದು ಸೌಂಡ್ ಬರ್ಬಾರ್ದು" ಎಂದು ಇಬ್ಬರ ಕೈಗೂ ಒಂದೊಂದು ಮೊಬೈಲು ಕೊಡುತ್ತಾಳೆ, ದನಿ ಪೂರ್ತಿ ಇಳಿಸಿ. ಆಮೇಲೆ ಮನೆಯಲ್ಲಿ ಫ್ರಿಜ್ಜು ಗೊರಗುಟ್ಟುವುದು ಬಿಟ್ಟರೆ ಬೇರೆ ಸದ್ದೇ ಇರುವುದಿಲ್ಲ. ನಾನು ಒಳಗೆ ಕರಿ ಕನ್ನಡಕ ಹಾಕಿಕೊಂಡು, ಯಾವುದೋ ಪಕ್ಷದ ಮಾಜಿ ಶಾಸಕರ ಹಾಗೆ, ನಿದ್ದೆ ಬಾರದೆ ಮಲಗಿರುತ್ತೇನೆ.

ಮಕ್ಕಳನ್ನು ಸದ್ದಿಲ್ಲದೆ ಕೂರಿಸುವ ವಿದ್ಯೆಯಲ್ಲಿ ನನ್ನ ಅಮ್ಮನನ್ನು ಮೀರಿಸಿದವರನ್ನು ನಾನು ಕಂಡಿಲ್ಲ. ಅವಳ ಬಳಿ ಮೊಬೈಲಿರಲಿಲ್ಲ, ಅಷ್ಟೇ.

ಎಪ್ಪತ್ತರ ದಶಕದ ಮಾತು. ರಾಜಾಜಿನಗರದ ಒಂದು ವಠಾರದಲ್ಲಿ ನಮ್ಮದು ಒಂದು ಕೋಣೆ, ಒಂದು ಅಡುಗೆಮನೆ. ನಡುವೆ ಬಾಗಿಲಿರಲಿಲ್ಲ, ಅಮ್ಮನ ಹಳೆಯ ಸೀರೆಯ ಪರದೆ ಇತ್ತು. ಅಪ್ಪ ಹತ್ತಿರದ ಕಾರ್ಖಾನೆಯೊಂದರಲ್ಲಿ ಪ್ರೆಸ್ ಮೆಷೀನಿನ ಮೇಲೆ ಕೆಲಸಕ್ಕಿದ್ದರು. ತಗಡನ್ನು ಕೈಯಿಂದ ಒಳಗಿಟ್ಟು ಕಾಲಿನಿಂದ ಪೆಡಲ್ ಒತ್ತಿದರೆ ಮೇಲಿನಿಂದ ಅಚ್ಚು ಧಡ್ ಎಂದು ಬೀಳುತ್ತದೆ. ಕೈ ತೆಗೆಯುವುದು ಒಂದಿಷ್ಟು ತಡವಾದರೆ ತಗಡಿನ ಜೊತೆ ಬೆರಳೂ ಹೋಗುತ್ತದೆ. ಅವರ ಪಕ್ಕದ ಮೆಷೀನಿನವರಿಗೆ ಆಗಲೇ ಎರಡು ಬೆರಳು ಹೋಗಿದ್ದವು. ಮೂರು ವಾರಕ್ಕೊಮ್ಮೆ ಅಪ್ಪನಿಗೆ ನೈಟ್ ಶಿಫ್ಟ್. ಬೆಳಿಗ್ಗೆ ಸೈಕಲ್ಲಿನಲ್ಲಿ ಬಂದು, ಸ್ನಾನ ಮಾಡಿ, ರೊಟ್ಟಿ ತಿಂದು ಮಲಗಿದರೆ ಏಳುವುದು ನಾಲ್ಕಕ್ಕೆ.

"ನಿಮ್ಮಪ್ಪಂಗೆ ಹಗಲು ನಿದ್ದೆ ಕೆಟ್ರೆ ರಾತ್ರಿ ಕಣ್ಣು ಎಳೆಯುತ್ತೆ. ಕಣ್ಣು ಎಳೆದ್ರೆ ಬೆರಳು ಹೋಗುತ್ತೆ. ತಿಳೀತಾ?" ಎಂದು ಅಮ್ಮ ನಮಗೆ ಮೂವರಿಗೂ ಹೇಳಿದ್ದಳು. ಮೂವರೆಂದರೆ ಅಣ್ಣ ಮಂಜ, ಒಂಬತ್ತರ ನಾನು, ನಾಲ್ಕರ ತಂಗಿ ಗೌರಿ. ತಿಳಿಯದೇ ಏನು? ಅಪ್ಪ ಸೈಕಲ್ ನಿಲ್ಲಿಸಿದ ಕೂಡಲೇ ನಾವು ಓಡಿಹೋಗಿ ಅವರ ಕೈ ಹಿಡಿದುಕೊಳ್ಳುತ್ತಿದ್ದೆವು. ಪ್ರೀತಿಗೆ ಹಿಡಿದರೆಂದು ಅವರು ಹಿಗ್ಗುತ್ತಿದ್ದರು. ನಾವು ಬೆರಳು ಎಣಿಸುತ್ತಿದ್ದೆವು. ಹತ್ತೂ ಇದ್ದರೆ ಮಂಜ ಅಡುಗೆಮನೆಯ ಕಡೆ ತಿರುಗಿ ಅಮ್ಮನಿಗೆ ತಲೆಯಾಡಿಸುತ್ತಿದ್ದ.

ಬೇಸಿಗೆ ರಜೆಯಲ್ಲಿ ನೈಟ್ ಶಿಫ್ಟ್ ಬಂದರೆ ಅಮ್ಮನ ಪಾಡು ನೋಡಬೇಕಿತ್ತು. ಹೊರಗೆ ಸುಡುವ ಬಿಸಿಲು. ಓಣಿಯಲ್ಲಿ ಆಡೋಣವೆಂದರೆ ಅಪ್ಪ ಮಲಗುವ ಕೋಣೆಯ ಕಿಟಕಿ ಓಣಿಗೇ ತೆರೆಯುತ್ತಿತ್ತು. ಹಾಗಾಗಿ ಮೂರು ಮಕ್ಕಳು, ಆರಡಿ ಅಡುಗೆಮನೆ. ಅಮ್ಮ ಇದ್ದ ಆಟಗಳನ್ನೆಲ್ಲ ಒಂದೊಂದಾಗಿ ಬಾಯಿ ಮುಚ್ಚಿಸಿದಳು. ಚೌಕಾಬಾರಕ್ಕೆ ಕವಡೆ ಹಾಕಿದರೆ ನೆಲಕ್ಕೆ ಬಿದ್ದು ಟಣ್ ಎನ್ನುತ್ತದಲ್ಲ, ಅದಕ್ಕೇ ಹುಣಸೆಬೀಜ ತಿಕ್ಕಿಕೊಟ್ಟಳು. ಅದೂ ಟಕ್ ಎನ್ನುತ್ತದೆಂದು ಕೆಳಗೆ ಕೌದಿ ಮಡಚಿ ಹಾಸಿದಳು. ಅಳಗುಳಿ ಮಣೆಯ ಹದಿನಾಲ್ಕು ಗುಳಿಗೂ ಅರಳೆ ತುರುಕಿದಳು. ಅಕ್ಕಿಯಲ್ಲಿ ಕಲ್ಲು ಆರಿಸುವ ಪಂದ್ಯವನ್ನೂ ಕಟ್ಟಿದಳು. ಯಾರಿಗೆ ಹೆಚ್ಚು ಕಲ್ಲು ಸಿಕ್ಕಿತೋ ಅವರಿಗೆ ಬೆಲ್ಲದ ಚೂರು. ಅದು ಆಟವಲ್ಲ, ಅಮ್ಮನ ಮನೆಗೆಲಸ ಎಂದು ನನಗೆ ಹೊಳೆದದ್ದು ಮದುವೆಯಾಗಿ ಎಷ್ಟೋ ವರ್ಷದ ಮೇಲೆ.

ಎಲ್ಲಕ್ಕಿಂತ ಸೊಗಸಿನದು ಬೆನ್ನ ಮೇಲೆ ಬರೆಯುವ ಆಟ. ಒಬ್ಬರು ಬೆರಳಿನಿಂದ ಅಕ್ಷರ ಬರೆದರೆ ಬೆನ್ನು ಕೊಟ್ಟವರು ಅದೇನೆಂದು ಹಲಗೆಯ ಮೇಲೆ ಬರೆದು ತೋರಿಸಬೇಕು. ಗೌರಿ ಅಕ್ಷರ ಕಲಿತದ್ದು ಅಮ್ಮನ ಬೆನ್ನ ಮೇಲೆಯೇ. ಒಮ್ಮೆ ಮಂಜ ನನ್ನ ಬೆನ್ನ ಮೇಲೆ ಬಹಳ ಹೊತ್ತು ಬರೆದ. ಎ, ಮ್ಮೆ, ಮುಂದೆ ನನ್ನ ಹೆಸರು. ಕಚಗುಳಿಯೂ ಸೇರಿ ನಾನು ಕಿಸಕ್ಕೆಂದು ನಕ್ಕೆ. ನಕ್ಕಿದ್ದಲ್ಲದೆ ಕಾಲು ಝಾಡಿಸಿದೆ. ಹಿತ್ತಾಳೆಯ ಚೊಂಬು ಉರುಳಿ ಉರುಳಿ ಪರದೆಯ ಅಡಿಯಿಂದ ಅಪ್ಪನ ಹಾಸಿಗೆಯವರೆಗೂ ಹೋಯಿತು. ಒಳಗೆ ಅಪ್ಪ ಒಮ್ಮೆ ಕೆಮ್ಮಿದರು. ಅಮ್ಮ ಬೆಕ್ಕಿನ ಹೆಜ್ಜೆಯಲ್ಲಿ ಹೋಗಿ ಚೊಂಬನ್ನು ಎತ್ತಿ ತಂದು ಸೆರಗಿನಲ್ಲಿ ಸುತ್ತಿಟ್ಟಳು.

ಮಾರನೆಯ ಬೆಳಿಗ್ಗೆ ಅಪ್ಪನ ಎಡಗೈಯ ತೋರುಬೆರಳಿಗೆ ಬಟ್ಟೆ ಸುತ್ತಿತ್ತು. ಬಟ್ಟೆಯ ತುದಿ ಕೆಂಪಗಿತ್ತು.

"ಏನಿಲ್ಲ, ಸ್ವಲ್ಪ ತರಚಿತು" ಎಂದು ಅವರು ರೊಟ್ಟಿ ತಿಂದು ಮಲಗಿದರು. ಇವತ್ತು ತುದಿ, ನಾಳೆ ಬೆರಳೇ ಹೋದರೆ? ನಾನು ಮಂಜನನ್ನು ಮೂಲೆಗೆ ಎಳೆದು, ಅಪ್ಪನ ಈ ವಾರದ ನೈಟ್ ಶಿಫ್ಟ್ ಮುಗಿಯುವವರೆಗೂ ನಮ್ಮಲ್ಲಿ ಯಾರೂ ಉಸಿರೆತ್ತಕೂಡದು ಎಂದೆ. ಅವನಿಗೂ ತಪ್ಪಿತಸ್ಥನ ಮುಖ. ಎಮ್ಮೆ ಬರೆದವನು ಅವನೇ ತಾನೆ? ಅವನು ಸ್ಟೂಲು ಹತ್ತಿ ಗೋಡೆ ಗಡಿಯಾರದ ಲೋಲಕವನ್ನೇ ಹಿಡಿದು ನಿಲ್ಲಿಸಿಬಿಟ್ಟ. ನಾನು ಕೊಳಾಯಿಯ ಕೆಳಗಿನ ಬಕೀಟಿಗೆ ಬಟ್ಟೆ ಹಾಕಿ ತೊಟ್ಟಿಕ್ಕುವ ನೀರಿನ ಸದ್ದು ಅಡಗಿಸಿದೆ. ಗೌರಿಯ ಕಾಲ್ಗೆಜ್ಜೆ ಬಿಚ್ಚಿದೆ. ಅಮ್ಮ ನಮ್ಮನ್ನು ನೋಡಿ ತಾನೂ ಒಗ್ಗರಣೆಯಿಲ್ಲದೆ ಸಾರು ಇಳಿಸಿದಳು. ಮನೆಯಲ್ಲಿ ಅಂಥ ಮೌನ ಹಿಂದೆಂದೂ ಇರಲಿಲ್ಲ. ನಮ್ಮ ಸಾಧನೆಗೆ ನಮಗೇ ಹೆಮ್ಮೆಯಾಯಿತು.

ಗಡಿಯಾರ ನಿಂತಿದ್ದರಿಂದ ಗಂಟೆ ಎಷ್ಟೆಂದು ಹೇಳಲಾರೆ, ಮಟಮಟ ಮಧ್ಯಾಹ್ನ. ಪರದೆ ಸರ್ರನೆ ಸರಿಯಿತು. ಅಪ್ಪ ನಿಂತಿದ್ದರು. ಬನೀನು ಬೆವೆತಿತ್ತು, ಕಣ್ಣು ಕೆಂಡದ ಹಾಗಿತ್ತು.

"ಏನಾಯ್ತೇ? ಯಾರಿಗೇನಾಯ್ತು? ಮಕ್ಳೆಲ್ಲಿ?"

ನಾವು ಅವರ ಕಾಲಬುಡದಲ್ಲೇ ಕೂತಿದ್ದೆವು. ಅಪ್ಪ ಕುಕ್ಕರುಗಾಲಲ್ಲಿ ಕೂತು ನಮ್ಮ ಮೂವರ ಕೈಗಳನ್ನೂ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಅವರೂ ಬೆರಳು ಎಣಿಸುತ್ತಿದ್ದಾರೆಂದು ನನಗೆ ತಿಳಿಯಿತು.

"ಏನೂ ಆಗಿಲ್ಲ ಕಣ್ರೀ. ನೀವು ಮಲಗ್ಲಿ ಅಂತ ಸುಮ್ನಿದೀವಿ" ಎಂದಳು ಅಮ್ಮ.

ಅಪ್ಪ ಗೋಡೆಗೊರಗಿ ಕೂತರು. "ಫ್ಯಾಕ್ಟರೀಲಿ ಯಾವಾಗ್ಲೂ ಧಡ್ ಧಡ್ ಅಂತಿರುತ್ತೆ. ಆ ಸದ್ದಲ್ಲಿ ನಿಂತ್ಕೊಂಡೇ ನಿದ್ದೆ ಮಾಡ್ಬೋದು. ಸದ್ದು ನಿಂತ್ರೇನೇ ಎದೆ ಧಸಕ್ ಅನ್ನೋದು. ಯಾರ್ದೋ ಕೈ ಸಿಕ್ತು ಅಂತ ಮೆಷೀನೆಲ್ಲಾ ನಿಲ್ಸಿ ಓಡ್ತೀವಿ. ಇಲ್ಲೂ ಹಂಗೇ ಆಗ್ಹೋಗಿದೆ. ಮನೆ ಸುಮ್ನಾದ್ರೆ ಎಚ್ಚರ ಆಗ್ಬಿಡುತ್ತೆ."

"ಮತ್ತೆ ಇಷ್ಟು ದಿನ?"

"ಕಣ್ಮುಚ್ಕೊಂಡು ಮಲಗಿರ್ತಿದ್ದೆ."

ಅಮ್ಮನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. "ಮೂರು ವರ್ಷ ಆಯ್ತಲ್ರೀ! ಸಾಸಿವೆ ಸಿಡಿಸೋಕೂ ಹೆದರ್ಕೊಂಡು ತಟ್ಟೆ ಮುಚ್ಚಿ ಸಾಯ್ತಿದ್ದೆ. ಒಂದು ಮಾತು ಹೇಳ್ಬಾರ್ದಿತ್ತಾ?"

"ನೀನು ಅಷ್ಟು ಪಾಡು ಪಟ್ಟು ಮಕ್ಳನ್ನ ಸುಮ್ನಿರಿಸ್ತಿದ್ದೆ. ಅದು ಬೇಡ ಅಂತ ಯಾವ ಬಾಯಲ್ಲಿ ಹೇಳ್ಲಿ?"

ಅಮ್ಮನಿಗೆ ಅಳು ಬಂತೋ ನಗು ಬಂತೋ, ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನನಗಂತೂ ಅಳುವೇ ಬಂತು. "ಅಪ್ಪಾ, ಚೊಂಬು ಬೀಳ್ಸಿದ್ದು ನಾನು. ಅದಕ್ಕೇ ನಿಮ್ಮ ಬೆರಳು..." ಎಂದು ಬಿಕ್ಕಿದೆ. ಅಪ್ಪ ಬಟ್ಟೆ ಸುತ್ತಿದ ಬೆರಳನ್ನು ನನ್ನ ಮೂಗಿನ ಮುಂದೆ ಆಡಿಸಿದರು. "ಇದಾ? ಇದು ಕ್ಯಾಂಟೀನ್ ಬಾಗಿಲಿಗೆ ಸಿಕ್ಕಿದ್ದು ಕಣೇ. ನಿನ್ನ ಚೊಂಬು ಉರುಳಿದ್ಮೇಲೇನೇ ನಂಗೆ ನಿನ್ನೆ ಒಂದು ಗಂಟೆ ನಿದ್ದೆ ಬಂದಿದ್ದು" ಎಂದರು. ನಿಜವೋ, ನನ್ನನ್ನು ಸಮಾಧಾನ ಮಾಡಲು ಕಟ್ಟಿದ್ದೋ, ಇವತ್ತಿಗೂ ಗೊತ್ತಿಲ್ಲ. ನಾನು ನಿಜವೆಂದೇ ಇಟ್ಟುಕೊಂಡಿದ್ದೇನೆ.

ಆಮೇಲೆ ಅಮ್ಮ ಗಂಭೀರವಾಗಿ ಅಪ್ಪಣೆ ಕೊಟ್ಟಳು: "ಗಲಾಟೆ ಮಾಡ್ರೋ." ನಂಬುತ್ತೀರೋ ಇಲ್ಲವೋ, ನಮಗೆ ಬರಲಿಲ್ಲ. ಮಂಜ ಒಂದು ಸಲ ಚಪ್ಪಾಳೆ ತಟ್ಟಿ ನಾಚಿಕೊಂಡ. ಗೌರಿ ಬಾಯಿ ತೆರೆದು ಏನು ಕಿರುಚಬೇಕೆಂದು ತಿಳಿಯದೆ ಅಮ್ಮನ ಮುಖ ನೋಡಿದಳು. ಕೊನೆಗೆ ಅಮ್ಮನೇ ಕೌದಿಯನ್ನು ಎಳೆದು ಬಿಸಾಕಿ, ಬರಿಯ ನೆಲದ ಮೇಲೆ ಕವಡೆ ಹಾಕಿ, "ಬಾರಾ!" ಎಂದು ವಠಾರಕ್ಕೆಲ್ಲ ಕೇಳುವಂತೆ ಕೂಗಿದಳು. ಬಾರಾ ಎಂದರೆ ಎಂಟು, ಬಿದ್ದದ್ದು ಎರಡು. ನಾವು ಮೂವರೂ ಒಟ್ಟಿಗೇ "ಮೋಸ!" ಎಂದು ಕೂಗಿದೆವು. ಪರದೆಯ ಆಚೆ, ಕಾಯಿ ಅರ್ಧ ಸುತ್ತು ದಾಟುವಷ್ಟರಲ್ಲಿ, ಅಪ್ಪನ ಗೊರಕೆ ಶುರುವಾಯಿತು. ಆ ಗೊರಕೆ ಕೇಳಿ ಅಮ್ಮನ ಮುಖ ಹೇಗಾಗಿತ್ತೆಂದು ನಾನು ಬರೆಯಲು ಹೋಗುವುದಿಲ್ಲ, ಬರೆದರೆ ಕಣ್ಣಿಗೆ ನೀರು ಬರುತ್ತದೆ, ಡಾಕ್ಟರು ಬೈಯುತ್ತಾರೆ. ಹುಣಸೆಬೀಜ ಅಂದು ಡಬ್ಬಿ ಸೇರಿತು. ಅಪ್ಪ ಹತ್ತು ಬೆರಳಿನೊಂದಿಗೇ ರಿಟೈರ್ ಆದರು.

ಡಬ್ಬಿ ಹಿಡಿದುಕೊಂಡು ನಾನು ಹಾಲಿಗೆ ಬಂದೆ. ಮಕ್ಕಳು ತಲೆ ಎತ್ತಲಿಲ್ಲ. ಸೀಮೆಸುಣ್ಣದಲ್ಲಿ ನೆಲದ ಮೇಲೆ ಚೌಕಾಬಾರದ ಮನೆ ಬರೆಯತೊಡಗಿದಾಗ ನಿಧಿ, "ಅಜ್ಜಿ, ಅಮ್ಮ ಬೈತಾರೆ" ಎಂದಳು, ಪಿಸುಮಾತಿನಲ್ಲಿ. ನಾನು ನಾಲ್ಕು ಬೀಜವನ್ನು ಕೈಯಲ್ಲಿ ಕುಲುಕಿ ನೆಲಕ್ಕೆ ಹಾಕಿದೆ. ಗ್ರಾನೈಟಿನ ಮೇಲೆ ಎಂಥ ಸದ್ದು ಅಂತೀರಿ! ಚಿರುವಿನ ಮೊಬೈಲು ಸೋಫಾದ ಸಂದಿಗೆ ಜಾರಿತು. ಅರ್ಧ ಗಂಟೆಯಲ್ಲಿ ಅಕ್ಕ ತಮ್ಮ ಕಾಯಿ ಕಡಿದುಕೊಂಡು ಕಾದಾಡುತ್ತಿದ್ದರು. ನಾನು ಒಳಗೆ ಹೋಗಿ ಮಲಗಿದೆ. "ನೀನು ಚೀಟರ್ ಕಣೋ!" "ನೀನೇ ಕಣೇ!" ಎಂಬುದಿಷ್ಟು ಕೇಳಿದ್ದು ನೆನಪಿದೆ.

ಯಾವಾಗಲೋ ಬಾಗಿಲು ತೆರೆದ ಸದ್ದಾಗಿರಬೇಕು. "ಶ್! ಏನ್ರೋ ಇದು, ಅಜ್ಜಿ ಎದ್ಬಿಡ್ತಾರೆ!" ಎಂದು ಮಗಳು ಗದರಿದಳಂತೆ. ಅದು ನನಗೆ ಕೇಳಿಸಲಿಲ್ಲ. ಅವಳ ಮಾತಿಗೆ ಮನೆ ಒಮ್ಮೆಗೇ ಸುಮ್ಮನಾಯಿತಲ್ಲ, ಆ ಕ್ಷಣಕ್ಕೆ ನನಗೆ ಥಟ್ಟನೆ ಎಚ್ಚರವಾಯಿತು, ಎದೆ ಧಸಕ್ಕೆಂದಿತು. ಎದ್ದು ಕೂತು, ಅಪ್ಪ ಕೂಗಿದ ಹಾಗೆಯೇ ಕೂಗಿದೆ:

"ಏನಾಯ್ತೇ? ಮಕ್ಳೆಲ್ಲಿ? ಯಾಕ್ರೋ ನಿಲ್ಸಿದ್ರಿ, ಆಡ್ರೋ!"