ಗಾಳಿ ಹಾಡಿನ ಅನಸೂಯಕ್ಕ

ಅನಸೂಯಕ್ಕ ಬಸ್ಸಿನಲ್ಲಿ ಕೂತಿದ್ದನ್ನು ನಾನು ನೋಡಿಲ್ಲ. ಸೀಟು ಖಾಲಿಯಿದ್ದರೂ ಹಿಂದಿನ ಬಾಗಿಲ ಹತ್ತಿರ ಕಂಬಿ ಹಿಡಿದು ನಿಂತು, ಮುಂದೆ ಕೂತವರ ಕತ್ತುಗಳನ್ನೇ ನೋಡುತ್ತಿದ್ದಳು. ಚಳ್ಳಕೆರೆಯಿಂದ ಮೊಳಕಾಲ್ಮುರಿಗೆ ಹೋಗುವ ಆ ಖಾಸಗಿ ಬಸ್ಸಿನ ಡ್ರೈವರ್ ಬಾಷಣ್ಣ, ತಳಕು ದಾಟಿದ ಮೇಲೆ ಅವಳ ಕ್ಯಾಸೆಟ್ ಹಾಕುತ್ತಿದ್ದ. ಅವಳೇ ಬರೆದು, ರಾಗ ಕಟ್ಟಿ, ಹಾಡಿದ ಹಾಡುಗಳು. ಯಾರದಾದರೂ ಕತ್ತು ಆಡಿತೇ, ಕಡಲೆಕಾಯಿ ಸುಲಿಯುವ ಕೈ ಒಂದು ಗಳಿಗೆ ನಿಂತಿತೇ, ಅದೇ ಅವಳ ಪರೀಕ್ಷೆ. ಹಾಡಿನ ನಡುವೆ ಜನ ಈರುಳ್ಳಿ ರೇಟು ಮಾತಾಡಿಕೊಂಡರೋ, ಮನೆಗೆ ಬಂದವಳೇ ಅದನ್ನು ಅಳಿಸಿ ಅದರ ಮೇಲೆ ಬೇರೆ ಹಾಡುತ್ತಿದ್ದಳು. “ಮಾತು ನಿಲ್ಸಾಕಾಗ್ದಿರೋ ಹಾಡು ಯಾಕ್ ಬೇಕು?” ಎನ್ನುವುದು ಅವಳ ಮಾತು.

ಇಷ್ಟು ಬರೆಯುವಾಗಲೇ ಅನುಮಾನ. ನಾನು ಅವಳ ಜೊತೆ ಆ ಬಸ್ಸಿನಲ್ಲಿ ಹೋಗಿದ್ದು ನಾಲ್ಕೈದು ಸಲ. ಎಲ್ಲೋ ಒಮ್ಮೆ ಕೂತಿರಲೂಬಹುದು.

ತೊಂಬತ್ತರ ದಶಕದ ಕೊನೆ. ಎಂ.ಎ. ಮುಗಿಸಿ ಕೆಲಸ ಸಿಗದೆ ನಾನು ಚಳ್ಳಕೆರೆಯ ಮನೆಯಲ್ಲಿ ದಿನಚರಿ ಬರೆಯುತ್ತ ಕಾಲ ತಳ್ಳುತ್ತಿದ್ದೆ. ಪಕ್ಕದ ಬೀದಿಯ ಅನಸೂಯಕ್ಕ ನನಗಿಂತ ಐದು ವರ್ಷ ದೊಡ್ಡವಳು. ಅವಳ ಅಪ್ಪನಿಗೆ ಎಣ್ಣೆ ಮಿಲ್ಲಿತ್ತು. ಕರೆಂಟು ಹೋಗಿ ಮಿಲ್ಲು ನಿಂತಾಗ ಗೋಡೌನಿನಲ್ಲಿ ಹಿಂಡಿ ಮೂಟೆಯ ಮೇಲೆ ಪುಟ್ಟ ಕ್ಯಾಸಿಯೊ ಕೀಬೋರ್ಡು ಇಟ್ಟುಕೊಂಡು, ಬ್ಯಾಟರಿ ಟೇಪ್ ರೆಕಾರ್ಡರಿನ ಮುಂದೆ ಹಾಡುತ್ತಿದ್ದಳು. ಒಂದು ಕಡೆ ಕೂತು ಬರೆಯುವುದು ಅವಳಿಂದ ಆಗದು. ಮೂಟೆಗಳ ಸಂದಿಯಲ್ಲಿ ಅತ್ತಿಂದಿತ್ತ ಓಡಾಡುತ್ತ ಸಾಲು ಹೇಳುತ್ತಿದ್ದಳು, ನಾನು ಬರೆದುಕೊಳ್ಳುತ್ತಿದ್ದೆ. “ಬಾರೊ ಗಾಳಿ ಒಳಗೆ, ಬಾಗ್ಲು ಹಾಕಿಲ್ಲ” ಎಂಬ ಹಾಡು ಹುಟ್ಟಿದ್ದು ಹಾಗೆ. ಎರಡನೆಯ ಚರಣಕ್ಕೆ ಮೂರು ದಿನ ಹಿಡಿಯಿತು. ಅದು ದಿನಚರಿಯಲ್ಲಿದೆ.

ಅವಳ ಅಪ್ಪ ಒಂದೇ ಷರತ್ತು ಹಾಕಿದ್ದರು. “ಹಾಡ್ಕ್ಯವ್ವ, ಬ್ಯಾಡ ಅನ್ನಲ್ಲ. ಹೆಸ್ರು ಮಾತ್ರ ಬಸ್ಸು ಹತ್ತಬಾರ್ದು.” ಹಾಗಾಗಿ ಕ್ಯಾಸೆಟ್ಟಿನ ಮೇಲೆ ಹೆಸರಿರಲಿಲ್ಲ. ಹಳ್ಳಿಗಳಲ್ಲಿ ನಾಟಕ ಆಡಿಸುವವರು ಅವಳನ್ನು ಪಾತ್ರಕ್ಕೆ ಕರೆಯತೊಡಗಿದಾಗಲೂ ಹ್ಯಾಂಡ್‌ಬಿಲ್ಲಿನಲ್ಲಿ ‘ಚಳ್ಳಕೆರೆಯ ಕಲಾವಿದೆ’ ಎಂದಷ್ಟೇ ಇರುತ್ತಿತ್ತು. ನಟನೆಯಲ್ಲೂ ಅವಳಿಗೆ ನೆಮ್ಮದಿಯಿಲ್ಲ. ಪರಶುರಾಂಪುರದ ಒಂದು ನಾಟಕದಲ್ಲಿ ಸತ್ತು ಮಲಗಿದ ತಂಗಿಯ ಪಾತ್ರ. ಅಣ್ಣನಾದವನು ಎದೆ ಬಡಿದುಕೊಂಡು ಹಾಡುತ್ತಿದ್ದರೆ ಇವಳ ಹೆಬ್ಬೆರಳು ತಾಳ ಹಾಕುತ್ತಿತ್ತು. “ಲೇ ಅಳಬ್ಯಾಡ್ಲೇ, ಇನ್ನೂ ಜೀವ ಐತೆ” ಎಂದು ಮುಂದೆ ಕೂತಿದ್ದ ಯಾರೋ ಕೂಗಿದರು. ಆಮೇಲೆ ಕೇಳಿದರೆ, ಅಣ್ಣ ತಾಳ ತಪ್ಪುತ್ತಿದ್ದನಂತೆ. ಸತ್ತವಳೇ ಸರಿಮಾಡಬೇಕಾಯಿತಂತೆ.

ಗಾಳಿ ಹಾಡಿಗೆ ಬಸ್ಸಿನಲ್ಲಿ ಮಾತು ನಿಂತಿತು. ಖುಷಿಯಾದ ಬಾಷಣ್ಣ ಬೇರೆ ಡ್ರೈವರುಗಳಿಗೂ ಕಾಪಿ ಮಾಡಿಸಿ ಹಂಚಿದ. ಅವನ ಮನಸ್ಸಿನಲ್ಲಿ ಅದು ಅಕ್ಕನಿಗೆ ಮಾಡಿದ ಉಪಕಾರ. ಎರಡು ಮೂರು ವರ್ಷದಲ್ಲಿ ಆ ಹಾಡು ಮದುವೆ ಮನೆಗಳಲ್ಲಿ, ಮಗ್ಗದ ಮನೆಗಳಲ್ಲಿ, ಗಡಿಯಾಚೆಯ ಹಳ್ಳಿಗಳಲ್ಲಿ ಕೇಳತೊಡಗಿತು. ಯಾರದೆಂದು ಯಾರಿಗೂ ಗೊತ್ತಿಲ್ಲ. ಮೊದಮೊದಲು ನಗುತ್ತಿದ್ದ ಅನಸೂಯಕ್ಕ ಬರಬರುತ್ತ ಆ ಹಾಡು ಕೇಳಿದರೆ ಎದ್ದು ಹೊರಗೆ ಹೋಗುತ್ತಿದ್ದಳು. ಒಂದು ದಿನ, ಮೊಳಕಾಲ್ಮುರಿನ ರಸಮಂಜರಿ ಕಾರ್ಯಕ್ರಮದಲ್ಲಿ ಹೆಸರು ಹೇಳಿಯೇ ಹಾಡುತ್ತೇನೆ, ಅಪ್ಪ ಏನಾದರೂ ಮಾಡಿಕೊಳ್ಳಲಿ, ನೀನು ಬಾ ಎಂದಳು. ಹೋದೆ.

ಸಂಜೆಯ ಬೆಳಕು ಇನ್ನೂ ಇತ್ತು. ಅವಳು ಮೈಕು ಹಿಡಿದು, “ಈ ಹಾಡು ಬರ್ದೋಳು ನಾನು. ರಾಗಾನೂ ನಂದೇ. ನನ್ನೆಸ್ರು ಅನಸೂಯ” ಎಂದಳು. ಆಗ ಮುಂದಿನ ಸಾಲಿನಿಂದ ನೇಕಾರರ ಪೈಕಿಯ ಒಬ್ಬ ಮುದುಕರು ಎದ್ದರು. ಜಗಳದ ದನಿಯಲ್ಲ, ಮಗಳಿಗೆ ಬುದ್ಧಿ ಹೇಳುವ, ನಡುನಡುವೆ ತೆಲುಗು ಬೆರೆತ ದನಿ.

“ಹಾಡಮ್ಮ, ಚೆನ್ನಾಗೈತೆ. ನಂದು ಅಂತ ಮಾತ್ರ ಅನಬ್ಯಾಡ. ನಮ್ಮವ್ವ ಮಗ್ಗದ ಮುಂದೆ ಹಾಡ್ತಿದ್ಲು. ನೇನು ವಿನ್ನಾನಮ್ಮ, ಈ ಕಿವೀಲೆ ಕೇಳೀನಿ.”

ಅವರ ಕಣ್ಣು ಒದ್ದೆಯಾಗಿತ್ತು. ಅವರು ಸುಳ್ಳು ಹೇಳುತ್ತಿರಲಿಲ್ಲ, ಹಾಗೆಂದೇ ನಂಬಿದ್ದರು. ಹಿಂದಿನಿಂದ ಯಾರೋ, ಅಜ್ಜಿ ಹಾಡಿಗೆ ಮೊಮ್ಮಗಳ ಹೆಸರು ಬಿತ್ತು ನೋಡ್ರಲೇ ಎಂದರು. ಜನ ನಕ್ಕರು. ಅನಸೂಯಕ್ಕ ವೇದಿಕೆಯ ಅಂಚಿಗೆ ಬಂದು ನನ್ನತ್ತ ಕೈ ಮಾಡಿದಳು.

“ಅಗೋ, ಸುಮ ಅಲ್ಲೇ ಕುಂತಾಳೆ. ಬರ್ಕೊಂಡೋಳು ಅವ್ಳೇ. ಕೇಳ್ರಿ ಬೇಕಾರೆ.”

ಎಲ್ಲರೂ ತಿರುಗಿದರು. ಹದಿನೈದು ದಿನದ ಹಿಂದಷ್ಟೇ ನನ್ನನ್ನು ನೋಡಿಹೋಗಿದ್ದ ಸೀರೆ ವ್ಯಾಪಾರದ ಮನೆಯವರು ಎರಡನೆಯ ಸಾಲಿನಲ್ಲಿದ್ದರು. ನಾಟಕದವಳ ಪರವಾಗಿ ಎದ್ದು ನಿಲ್ಲುವ ಹುಡುಗಿ ಅವರಿಗೆ ಬೇಕಾಗಿರಲಿಲ್ಲ. ನಾನು ಎದ್ದು ನಿಂತ ನೆನಪಿದೆ. ಕುರ್ಚಿ ಹಿಂದೆ ಸರಿದ ಸದ್ದೂ ನೆನಪಿದೆ. ಆದರೆ ಅದೇ ದಿನದ ದಿನಚರಿಯಲ್ಲಿ, ನನ್ನದೇ ಅಕ್ಷರದಲ್ಲಿ ಒಂದು ಸಾಲಿದೆ: ‘ಏಳಲಿಲ್ಲ. ಸೆರಗು ಸರಿಮಾಡಿಕೊಂಡು ಕೂತೆ.’

ಅವಳು ಹಾಡಿದಳು. ಊರಿಗೆ ಊರೇ ಅವಳ ಜೊತೆ ಹಾಡಿತು, ಅದು ಅವಳದಲ್ಲ ಎಂದುಕೊಂಡೇ.

ಮಾರನೆಯ ವಾರ ಅನಸೂಯಕ್ಕ ಬೆಂಗಳೂರಿಗೆ ಹೊರಟುಹೋದಳು. ಅವಳ ಅಪ್ಪ ತಡೆಯಲಿಲ್ಲ. ನನ್ನ ಆ ಸಂಬಂಧ ಬೇರೇನೋ ಕಾರಣಕ್ಕೆ ಮುರಿದುಬಿತ್ತು. ಮುಂದೆ ಅವಳನ್ನು ಟಿ.ವಿ. ಧಾರಾವಾಹಿಗಳಲ್ಲಿ ನೋಡುತ್ತಿದ್ದೆ. ನರ್ಸು, ಪಕ್ಕದ ಮನೆಯಾಕೆ, ವಕೀಲರ ಹೆಂಡತಿ. ಯಾವ ಕಂಪನಿಯ ಹಂಗೂ ಇಲ್ಲದೆ ತಾನೇ ಒಂದು ಸಿ.ಡಿ. ಹೊರತಂದಳು. ಮುಖಪುಟದ ತುಂಬ ದಪ್ಪಕ್ಷರದಲ್ಲಿ ಅವಳ ಪೂರ್ತಿ ಹೆಸರು. ಎಂಟೂ ಹೊಸ ಹಾಡುಗಳು. ಗಾಳಿ ಹಾಡು ಅದರಲ್ಲಿ ಇರಲಿಲ್ಲ.

ಅವಳನ್ನು ಕೊನೆಯ ಸಲ ನೋಡಿದ್ದು ಚಳ್ಳಕೆರೆ ಬಸ್ ಸ್ಟ್ಯಾಂಡಿನಲ್ಲಿ, ಏಳೆಂಟು ವರ್ಷಗಳ ಮೇಲೆ. ರಾಯದುರ್ಗದ ಕಡೆ ಶೂಟಿಂಗಿಗೆ ಹೊರಟಿದ್ದಳು. ಜೊತೆಗೆ ರೂಪಾ ಎಂಬ ಎಳೆಯ ನಟಿ. ರೂಪಾ ಬೆಂಚಿನ ಮೇಲೆ ಕೂತಿದ್ದಳು. ಅನಸೂಯಕ್ಕ ಟೀ ಲೋಟ ಹಿಡಿದು ನಾಲ್ಕು ಹೆಜ್ಜೆ ಹೋಗುವುದು, ಬರುವುದು. ನಾನೂ ಅವಳ ಹಿಂದೆ ಹಿಂದೆ ನಡೆಯುತ್ತ, ಅಷ್ಟು ವರ್ಷ ಒಳಗಿಟ್ಟುಕೊಂಡಿದ್ದನ್ನು ಹೇಳಲು ಹೊರಟೆ. ಅಕ್ಕ, ಅವತ್ತು ಮೊಳಕಾಲ್ಮುರಿನಲ್ಲಿ ನಾನು, ಎನ್ನುವಷ್ಟರಲ್ಲಿ ಅವಳು ನಿಂತುಬಿಟ್ಟಳು.

“ಅದ್ನ ಮರೆಯಾಕಾಗ್ತೈತೇನೆ? ಅಷ್ಟು ಜನದಾಗೆ ನೀನೊಬ್ಳೇ ಎದ್ದಿ. ಬಾಯಿಗೆ ಮಾತು ಬರ್ಲಿಲ್ಲ ನಿಂಗೆ, ಇರ್ಲಿ ಬಿಡು. ಎದ್ದಿದ್ದೇ ಸಾಕಾತು. ಬೆಂಗ್ಳೂರಾಗೆ ಒಂದೊಂದು ಬಾಗ್ಲು ತಟ್ಟಾಗಲೂ ಅದ್ನೇ ನೆನಸ್ಕೊಂತಿದ್ದೆ.”

ದಿನಚರಿಯ ಆ ಸಾಲು ನನ್ನ ಬಾಯಲ್ಲಿತ್ತು. ಅವಳ ನೆನಪು, ನನ್ನ ನೆನಪು ಎರಡೂ ಒಂದೇ ಹೇಳಿದರೂ, ಅದೇ ದಿನ ಬರೆದಿಟ್ಟದ್ದನ್ನು ನಂಬಬೇಕೆಂದು ನನಗೆ ಗೊತ್ತಿತ್ತು. ಅಷ್ಟರಲ್ಲಿ ಅವಳು ಬೆಂಚಿನ ಕಡೆ ತಿರುಗಿದ್ದಳು.

“ರೂಪಾ, ಹೇಳ್ತಿರ್ತೀನಲ್ಲ, ಇವ್ಳೇ ಕಣೆ.”

ಆ ಹುಡುಗಿ ತಟ್ಟನೆ ಎದ್ದು ನಿಂತು ನನಗೆ ಕೈಮುಗಿದಳು. ನಾನೂ ಮುಗಿದೆ.